ಮೊದಲ ಮದುವೆಯ ಕಾಗದ

1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ಮೊದಲು ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಅದರ ನಮೂನೆಯಲ್ಲಿ ಹೆಸರಿನ ಪಕ್ಕದಲ್ಲೇ ‘ಸ್ಥಿತಿ’ ಎಂಬ ಕಾಲಂ ಇದೆ. ಹೆಣ್ಣಾದರೆ ಅವಿವಾಹಿತೆ, ವಿಧವೆ, ವಿಚ್ಛೇದಿತೆ, ಈ ಮೂರರಲ್ಲಿ ಒಂದನ್ನು ಬರೆಯಬೇಕು. ವಯಸ್ಸು, ವಿಳಾಸದ ದಾಖಲೆಗಳನ್ನು ಎಲ್ಲರೂ ಕೊಡುತ್ತಾರೆ. ಎರಡನೇ ಸಲ ಬಂದವರು ಅದರ ಜೊತೆಗೆ ಮರಣ ಪ್ರಮಾಣಪತ್ರವನ್ನೋ ವಿಚ್ಛೇದನದ ಡಿಕ್ರಿಯನ್ನೋ ತರಬೇಕು. ಆಮೇಲೆ ನೋಟಿಸಿನ ಪ್ರತಿಯನ್ನು ಕಚೇರಿಯಲ್ಲಿ ಎದ್ದು ಕಾಣುವ ಕಡೆ ಅಂಟಿಸುತ್ತಾರೆ. ಆಕ್ಷೇಪಣೆಗೆ 30 ದಿನ ಕಾಯುತ್ತಾರೆ.

ಹೊಸ ಬದುಕಿಗೆ ಹೊರಟವರಿಂದ ಹಳೆಯ ಬದುಕಿನ ಕಾಗದ ಕೇಳುವುದು ಸರಿಯೇ? ಕೇಳಲೇಬೇಕು ಎಂದೇ ನನ್ನ ಅಭಿಪ್ರಾಯ. ಆ ಕಾಗದ ಕಚೇರಿಗೆ ಬಾರದ ಒಬ್ಬರ ಪರವಾಗಿ ಮಾತಾಡುತ್ತದೆ. ಊರಲ್ಲಿ ಹೆಂಡತಿಯನ್ನು ಬಿಟ್ಟು ಬಂದು ‘ನನಗೆ ಯಾರೂ ಇಲ್ಲ’ ಎನ್ನುವ ಗಂಡಸಿನ ಬಾಯಿಮಾತನ್ನು ನಂಬಿದರೆ ಇಬ್ಬರು ಹೆಂಗಸರು ಮೋಸಹೋಗುತ್ತಾರೆ.

ಕಾಗದವಿಲ್ಲದ ಕಾಲವನ್ನು ಹೊಗಳುವಂತೆಯೂ ಇಲ್ಲ. ನಮ್ಮ ಹಲವು ಸಮುದಾಯಗಳಲ್ಲಿ ಕೂಡಿಕೆ, ಉಡಿಕೆ ಎಂಬ ಹೆಸರಿನಲ್ಲಿ ಮರುಮದುವೆ ಹಿಂದಿನಿಂದಲೂ ಇತ್ತು. ಹಿರಿಯರು ಒಪ್ಪಿದರೆ ಸಾಕಿತ್ತು. ಆದರೆ ಮೊದಲ ಮದುವೆಯ ಮರ್ಯಾದೆ ಅದಕ್ಕೆ ಸಿಗುತ್ತಿರಲಿಲ್ಲ. ಎಷ್ಟೋ ಕಡೆ ಕೂಡಿಕೆಯಾದವಳನ್ನು ಶುಭಕಾರ್ಯಗಳಿಂದ ದೂರವಿಡುತ್ತಿದ್ದರು. ಡಿಕ್ರಿ ಹಿಡಿದು ಆದ ಮದುವೆ ಕಾನೂನಿನ ಕಣ್ಣಲ್ಲಿ ಬೇರೆ ಯಾವ ಮದುವೆಗೂ ಕಡಿಮೆಯಲ್ಲ. ಇದು ಸಣ್ಣ ಗಳಿಕೆಯಲ್ಲ.

ನನ್ನನ್ನು ಕಾಡುವುದು ಆ ಮೂರು ಪದಗಳಲ್ಲಿ ಯಾವುದಕ್ಕೂ ಸೇರದವಳು. ಗಂಡ ಹೇಳದೆ ಕೇಳದೆ ಹೋಗಿದ್ದಾನೆ. ಮದುವೆ ಮುಗಿದದ್ದು ಅವಳಿಗೆ ಗೊತ್ತು, ಊರಿಗೆ ಗೊತ್ತು, ಕಾಗದಕ್ಕೆ ಮಾತ್ರ ಗೊತ್ತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ದಾರಿಯೇನೋ ಇದೆ: 2 ವರ್ಷ ತೊರೆದಿದ್ದರೆ, ಅಥವಾ 7 ವರ್ಷ ಬದುಕಿರುವ ಸುದ್ದಿಯೇ ಇಲ್ಲದಿದ್ದರೆ, ಅವಳು ವಿಚ್ಛೇದನ ಕೇಳಬಹುದು. ಆದರೆ ಅರ್ಜಿ ಹಾಕಬೇಕಾದವಳು ಅವಳು, ಕೂಲಿ ಬಿಟ್ಟು ಕೋರ್ಟಿಗೆ ಅಲೆಯಬೇಕಾದವಳೂ ಅವಳೇ. ಬಿಟ್ಟುಹೋದವನು ಏನನ್ನೂ ಸಾಬೀತುಮಾಡಬೇಕಿಲ್ಲ. ಕಾಗದ ಕೇಳುವ ಸರ್ಕಾರ, ಅದನ್ನು ಪಡೆಯುವ ದಾರಿಯ ಖರ್ಚಿನಲ್ಲೂ ಪಾಲು ಹೊರಬೇಕು. ಉಚಿತ ಕಾನೂನು ನೆರವು ಹೆಣ್ಣುಮಕ್ಕಳ ಹಕ್ಕು ಎಂದು ಕಾನೂನಿನಲ್ಲಿ ಬರೆದರೆ ಸಾಲದು. ಅದು ತಾಲ್ಲೂಕಿನ ಕೋರ್ಟಿನ ಬಾಗಿಲಲ್ಲಿ ಅವಳಿಗೆ ಸಿಗಬೇಕು.

ಇನ್ನೊಂದು ಮಾತು. ವಿಶೇಷ ವಿವಾಹ ಕಾಯ್ದೆಯ 4ನೇ ಸೆಕ್ಷನ್ ವಧೂವರರ ಬಗ್ಗೆ ಹಾಕುವ ಮೊದಲ ಷರತ್ತು, ಇಬ್ಬರಿಗೂ ಬದುಕಿರುವ ಸಂಗಾತಿ ಇರಬಾರದು ಎಂಬುದಷ್ಟೇ. ‘ನೀವು ಈಗ ಸ್ವತಂತ್ರರೇ’ ಎಂದು ಕೇಳುವುದು ಬೇರೆ, ‘ನೀವು ಮೊದಲು ಏನಾಗಿದ್ದಿರಿ’ ಎಂದು ಗೋಡೆಗೆ ಅಂಟಿಸುವುದು ಬೇರೆ. ಮೊದಲನೆಯದಕ್ಕೆ ಅಧಿಕಾರಿ ಡಿಕ್ರಿ ನೋಡಿ ಕಡತದಲ್ಲಿಟ್ಟರೆ ಸಾಕು. ಎರಡನೆಯದನ್ನು ತಿಳಿಯುವ ಹಕ್ಕು ಮದುವೆಯಾಗುವ ವ್ಯಕ್ತಿಗಿದೆ. ಅದನ್ನು ಅವರು ಸಂಗಾತಿಯ ಬಾಯಿಂದಲೇ ಕೇಳಲಿ. ಕಚೇರಿಗೆ ಬೇರೆ ಕೆಲಸಕ್ಕೆ ಬಂದು ಸಾಲಿನಲ್ಲಿ ನಿಂತವರು ಅದನ್ನು ಓದಬೇಕಾಗಿಲ್ಲ.