ಕರಣವೂ ಕರ್ತೃವೂ

ಕುಂಬಾರನು ಗಡಿಗೆಯನ್ನು ಮಾಡಿದನೆಂದು ಲೋಕವು ಹೇಳುತ್ತದೆ. ತಿಗರಿಯು ಮಾಡಿತೆಂದು ಯಾರೂ ಹೇಳುವುದಿಲ್ಲ. ತಿಗರಿಯಿಲ್ಲದೆ ಗಡಿಗೆಯಾಗಲಾರದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೂ ಲೋಕದ ಮಾತಿನಲ್ಲಿ ತಪ್ಪಿಲ್ಲ. ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದೂ, ಕ್ರಿಯೆಯ ಸಿದ್ಧಿಗೆ ಅತ್ಯಂತ ಸಹಾಯಕವಾದುದನ್ನು ಕರಣವೆಂದೂ ವೈಯಾಕರಣರು ಬೇರೆಬೇರೆಯಾಗಿ ಎಣಿಸಿದ್ದಾರೆ. ವಕ್ತೃವಿನ ಇಷ್ಟವನ್ನನುಸರಿಸಿ “ಕತ್ತಿಯು ಕಡಿಯಿತು” ಎಂದು ಕರಣವನ್ನೇ ಕರ್ತೃವಿನಂತೆ ಹೇಳುವುದಕ್ಕೂ ಅವರ ಒಪ್ಪಿಗೆಯುಂಟು. ಆದರೆ ಗಾಯವಾದ ಮೇಲೆ ಕತ್ತಿಯನ್ನು ನ್ಯಾಯಸ್ಥಾನಕ್ಕೆ ಕರೆದೊಯ್ದವರಿಲ್ಲ. ಮಾತಿನ ಸಲುಗೆಯು ಬೇರೆ, ಹೊಣೆಯ ನಿರ್ಣಯವು ಬೇರೆ.

ಉಪಕರಣವು ಮನುಷ್ಯನ ಕೈಯಲ್ಲಿದ್ದಷ್ಟು ಕಾಲವೂ ಈ ವಿವೇಚನೆಯು ಸುಲಭವಾಗಿತ್ತು. ಕೈಬಿಟ್ಟು ತಾನೇ ಚಲಿಸುವ, ಅಷ್ಟೇ ಅಲ್ಲದೆ ಒಂದು ಮಟ್ಟಿಗೆ ತಾನೇ ಆಯ್ದುಕೊಳ್ಳುವ ಉಪಕರಣವು ಬಂದಾಗ ಅದು ಕಠಿನವಾಗುತ್ತದೆ. ಈ ಕಾಠಿನ್ಯವು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಬರುವ ಸ್ಥಳಗಳಲ್ಲಿ ಯೂರೋಪಿನ ವಾಸ್ತುವಿದ್ಯೆಯ ಶಾಲೆಗಳು ಸೇರಿವೆ. ಅಲ್ಲಿ ವಿದ್ಯಾರ್ಥಿಗಳು ಗಣಕಯಂತ್ರದಲ್ಲಿ ಆಕಾರವನ್ನು ಕಲ್ಪಿಸಿ, ಅದೇ ಅಂಕಿಗಳಿಂದ ಯಂತ್ರವನ್ನು ನಡೆಸಿ, ಮರ, ಇಟ್ಟಿಗೆ, ನಾರುಗಳಿಂದ ನಿಜವಾದ ಕಟ್ಟಡಗಳನ್ನೇ ನಿರ್ಮಿಸಿದ್ದಾರೆ. ಈ ಕಟ್ಟಡಗಳ ಕರ್ತೃವು ಯಾರು? ಇದು ಕೇವಲ ಶಬ್ದದ ಜಗಳವಲ್ಲ. ಹೊಗಳಿಕೆಯು ಯಾರದು, ಕಲಿಕೆಯು ಯಾರಿಗಾಯಿತು, ತಪ್ಪಾದರೆ ತಲೆ ತಗ್ಗಿಸಬೇಕಾದವನು ಯಾರು ಎಂಬ ಮೂರು ಪ್ರಶ್ನೆಗಳೂ ಇದರಲ್ಲಿ ಅಡಗಿವೆ.

ಮೊದಲು ಈ ಪದ್ಧತಿಯ ಸ್ವರೂಪವನ್ನು ತಿಳಿಯಬೇಕು. ಹಿಂದೆ ವಾಸ್ತುವಿದ್ಯೆಯನ್ನು ಕಲಿಯುವವನು ಕಾಗದದ ಮೇಲೆ ನಕ್ಷೆಯನ್ನು ಬರೆಯುತ್ತಿದ್ದನು. ಕಟ್ಟುವವರು ಗಾರೆಯವರೂ ಬಡಗಿಗಳೂ ಆಗಿದ್ದರು. ಎಣಿಸುವವನಿಗೂ ಮಾಡುವವನಿಗೂ ನಡುವೆ ಕಾಗದವೊಂದು ತೆರೆಯಂತೆ ನಿಂತಿತ್ತು. ಹೊಸ ಪದ್ಧತಿಯಲ್ಲಿ ಆ ತೆರೆಯಿಲ್ಲ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ತಾಂತ್ರಿಕ ವಿದ್ಯಾಪೀಠದಲ್ಲಿ ಫಾಬಿಯೋ ಗ್ರಾಮಾಜಿಯೋ ಮತ್ತು ಮಥಿಯಾಸ್ ಕೋಹ್ಲರ್ ಎಂಬ ಅಧ್ಯಾಪಕರ ಕೈಕೆಳಗೆ 2006ರಲ್ಲಿ ವಿದ್ಯಾರ್ಥಿಗಳು ಇಟ್ಟಿಗೆಯ ಗೋಡೆಗಳನ್ನು ರೋಬೋಟಿನ ಯಂತ್ರಬಾಹುವಿನಿಂದ ಕಟ್ಟಿಸಿದರು. ಅವರು ಗೋಡೆಯ ಚಿತ್ರವನ್ನು ಬರೆಯಲಿಲ್ಲ. ಒಂದೊಂದು ಇಟ್ಟಿಗೆಯೂ ಎಲ್ಲಿ ಕೂರಬೇಕು, ಎಷ್ಟು ತಿರುಗಿರಬೇಕು ಎಂಬ ನಿಯಮವನ್ನು ಬರೆದರು. ನಿಯಮವು ಅಂಕಿಯಾಯಿತು, ಅಂಕಿಯು ಚಲನೆಯಾಯಿತು, ಚಲನೆಯು ಗೋಡೆಯಾಯಿತು.

ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾನಿಲಯದಲ್ಲಿ ಆಖಿಮ್ ಮೆಂಗೆಸ್ ಮತ್ತು ಯಾನ್ ಕ್ನಿಪ್ಪರ್ಸ್ ಎಂಬ ಆಚಾರ್ಯರ ಶಿಷ್ಯರು ಈ ದಾರಿಯಲ್ಲಿ ಇನ್ನೂ ಮುಂದೆ ಹೋದರು. ಸ್ಯಾಂಡ್ ಡಾಲರ್ ಎಂಬ ಚಪ್ಪಟೆಯಾದ ಕಡಲಜೀವಿಯ ಚಿಪ್ಪಿನಲ್ಲಿ ಬಿಲ್ಲೆಗಳು ಒಂದಕ್ಕೊಂದು ಹೇಗೆ ಸೇರಿಕೊಂಡಿವೆಯೆಂಬುದನ್ನು ಪರೀಕ್ಷಿಸಿ, ಅದೇ ನ್ಯಾಯದಿಂದ 2011ರಲ್ಲಿ ಅವರು ಒಂದು ಮಂಟಪವನ್ನು ಎಬ್ಬಿಸಿದರು. ಅದರ ಪ್ಲೈವುಡ್ ಹಲಗೆಯ ದಪ್ಪವು 6.5 ಮಿಲಿಮೀಟರು ಮಾತ್ರ. ಒಂದರಂತೆ ಒಂದಿಲ್ಲದ 850ಕ್ಕೂ ಹೆಚ್ಚಿನ ತುಂಡುಗಳು. ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಅವುಗಳನ್ನು ಕೂಡಿಸುವ ಸಂಧಿಗಳು 1,00,000ಕ್ಕೂ ಹೆಚ್ಚು. ಮರುವರ್ಷ, 2012ರಲ್ಲಿ, ಕಡಲ ಸೀಗಡಿಯ ಜಾತಿಯ ಲಾಬ್‌ಸ್ಟರಿನ ಕವಚವನ್ನು ಮಾದರಿಯಾಗಿಟ್ಟುಕೊಂಡು ಗಾಜಿನ ಮತ್ತು ಇಂಗಾಲದ ಎಳೆಗಳನ್ನು ಯಂತ್ರಬಾಹುವಿನಿಂದ ಸುತ್ತಿಸಿ ಇನ್ನೊಂದು ಮಂಟಪವನ್ನು ಮಾಡಿದರು. ಅದು 8 ಮೀಟರು ಹರಹಿನದು; ಸಿಪ್ಪೆಯ ದಪ್ಪ 4 ಮಿಲಿಮೀಟರು; ತೂಕವು 320 ಕಿಲೋಗ್ರಾಮಿಗೂ ಕಡಮೆ. ಇಂತಹ ಕೆಲಸವನ್ನು ಕೈಯ ಉಳಿಯಿಂದ ಮಾಡಹೊರಟರೆ ಒಂದು ವಿದ್ಯಾಭ್ಯಾಸದ ಅವಧಿಯು ಸಾಲದು.

ಇಲ್ಲಿ ಪೂರ್ವಪಕ್ಷವು ಏಳುತ್ತದೆ. ಬಡಗಿಯ ಮಗನು ತಂದೆಯ ಬಳಿ ಕುಳಿತು ಕಲಿಯುವಾಗ ಮರವೇ ಅವನಿಗೆ ಎರಡನೆಯ ಗುರುವು. ಗಂಟು ಬಂದ ಕಡೆ ಉಳಿಯು ಜಾರುತ್ತದೆ, ನಾರಿಗೆ ಎದುರಾಗಿ ಬಾಚಿಯನ್ನಿಟ್ಟರೆ ಹಲಗೆಯು ಸೀಳುತ್ತದೆ, ಅಂಗೈಯಲ್ಲಿ ಬೊಬ್ಬೆಯೇಳುತ್ತದೆ. ಈ ಪೆಟ್ಟುಗಳಿಂದ ಹುಟ್ಟಿದ ಜ್ಞಾನವು ಪುಸ್ತಕದಿಂದ ಹುಟ್ಟುವುದಿಲ್ಲ. ಯಂತ್ರಬಾಹುವಿಗಾದರೋ ಗಂಟೂ ಒಂದೇ, ನಾರೂ ಒಂದೇ. ಗಾಜಿನ ಫಲಕದ ಮುಂದೆ ಕುಳಿತ ವಿದ್ಯಾರ್ಥಿಗೆ ಮರವು ಎಂದೂ ಎದುರುತ್ತರ ಕೊಡುವುದಿಲ್ಲ. ಕೈಯಿಂದ ಮಾಡುವವನು ಒಂದು ಸಂಧಿಯಲ್ಲಿ ತಪ್ಪಿದರೆ ಎರಡನೆಯದರಲ್ಲಿ ತಿದ್ದಿಕೊಳ್ಳುತ್ತಾನೆ. ಅಂಕಿಯಲ್ಲಿ ತಪ್ಪಿದವನ ತಪ್ಪು ಲಕ್ಷ ಸಂಧಿಗಳಲ್ಲಿಯೂ ಅಂದವಾಗಿಯೇ ಅಚ್ಚೊತ್ತಿ ಬರುತ್ತದೆ. ಆದಕಾರಣ ಕಟ್ಟಡವು ಬೆಳೆದರೂ ವಿದ್ಯಾರ್ಥಿಯು ಬೆಳೆಯಲಿಲ್ಲ ಎಂಬುದು ಈ ಪಕ್ಷದ ವಾದ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನವೊಂದುಂಟು. ಉಳಿಯೂ ಯಂತ್ರವೇ, ಗರಗಸವೂ ಯಂತ್ರವೇ. ಇದು ಇನ್ನೊಂದು ದೊಡ್ಡ ಉಳಿಯೆಂದು ತಿಳಿದರೆ ಸಾಕು ಎನ್ನುವರು. ಈ ಸಮಾಧಾನವು ಸಾಲದು. ಉಳಿಯು ಕಡಿಯುವುದೇ ಹೊರತು, ಎಲ್ಲಿ ಕಡಿದರೆ ಮೇಲೆಂದು ವಿಚಾರಿಸುವುದಿಲ್ಲ. ಗಣಕಯಂತ್ರವಾದರೋ ಸಾವಿರಾರು ಬಗೆಗಳನ್ನು ಎದುರಿಗಿಟ್ಟು ತೂಗಿ, ಇದು ಅದಕ್ಕಿಂತ ಉತ್ತಮವೆಂದು ತೋರಿಸಿಕೊಡಬಲ್ಲದು. ಕರಣವು ಕರ್ತೃವಿನ ಮನೆಯ ಹೊಸ್ತಿಲನ್ನು ದಾಟಿರುವುದು ಇಲ್ಲಿಯೇ. ಆದ್ದರಿಂದ ಇಂತಹ ಆಯ್ಕೆಯು ನಿಜವಾಗಿ ನಡೆದ ಕೆಲಸವೊಂದನ್ನೇ ಹಿಡಿದು ವಿಚಾರಿಸುವುದು ಲೇಸು.

ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದಲ್ಲಿ ಹುಕ್ ಪಾರ್ಕ್ ಎಂಬ ಕಾಡಿದೆ. 1983ರಲ್ಲಿ ಅದನ್ನು ಜಾನ್ ಮೇಕ್‌ಪೀಸ್ ಎಂಬ ಪ್ರಸಿದ್ಧ ಬಡಗಿಯ ಸಂಸ್ಥೆಯು, ಕಾಡಿನ ಮರವನ್ನು ಸದುಪಯೋಗ ಮಾಡುವ ವಿದ್ಯೆಗಾಗಿ ಕೊಂಡುಕೊಂಡಿತು. ತೋಪನ್ನು ತೆಳುಮಾಡುವಾಗ ಕಡಿದುಹಾಕುವ, ಬೆಲೆಯಿಲ್ಲದ ಸಣ್ಣ ಸ್ಪ್ರೂಸ್ ಮರಗಳಿಂದ ಅಲ್ಲಿ ಕಟ್ಟಡಗಳನ್ನು ಕಟ್ಟುವುದರಲ್ಲಿ ಫ್ರೈ ಓಟ್ಟೋ ಎಂಬ ಜರ್ಮನಿಯ ವಾಸ್ತುಶಿಲ್ಪಿಯೂ ಸೇರಿದ್ದನು. ಸ್ಟುಟ್‌ಗಾರ್ಟಿನಲ್ಲಿ ಹಗುರವಾದ ಕಟ್ಟಡಗಳ ಅಧ್ಯಯನಕೇಂದ್ರವನ್ನು 1964ರಲ್ಲಿ ಸ್ಥಾಪಿಸಿದವನೂ ಅವನೇ. 2002ರಲ್ಲಿ ಆ ಕಾಡು ಲಂಡನ್ನಿನ ಆರ್ಕಿಟೆಕ್ಚುರಲ್ ಅಸೋಸಿಯೇಷನ್ ಎಂಬ ವಾಸ್ತುಶಾಲೆಯ ವಶಕ್ಕೆ ಬಂದಿತು. ಆ ಶಾಲೆಯ ವಿದ್ಯಾರ್ಥಿಗಳಿಗೆ, ಕುಲುಮೆಯಲ್ಲಿ ಉರಿಸುವ ಮರದ ಚೂರುಗಳನ್ನು ಕೂಡಿಡಲು ಒಂದು ಕೊಟ್ಟಿಗೆಯನ್ನು ಕಟ್ಟುವ ಕೆಲಸವು ಬಂದಿತು.

ಅವರು ಮರದ ಕವಲನ್ನು ಆರಿಸಿಕೊಂಡರು. ಕಾಂಡವು ಎರಡಾಗಿ ಒಡೆಯುವ ಕವಲನ್ನು ಗರಗಸದ ಕಾರ್ಖಾನೆಯು ಬೇಡವೆನ್ನುತ್ತದೆ. ಅದರಿಂದ ನೆಟ್ಟಗಿನ ಹಲಗೆಯು ಬರುವುದಿಲ್ಲವಾದ್ದರಿಂದ ಅದು ಸೌದೆಯಾಗುತ್ತದೆ. ಆದರೆ ಮರವು ತನ್ನ ಕೊಂಬೆಯ ಭಾರವನ್ನು ಗಾಳಿಮಳೆಗಳಲ್ಲಿ ಹೊರುವುದು ಆ ಕವಲಿನಿಂದಲೇ. ಅಲ್ಲಿ ನಾರುಗಳು ತುಂಡಾಗದೆ ಕಾಂಡದಿಂದ ಕೊಂಬೆಗೆ ಹರಿದಿರುತ್ತವೆ. ಎರಡು ತೊಲೆಗಳನ್ನು ಕೂಡಿಸಿ ಬಡಗಿಯು ಮಾಡುವ ಸಂಧಿಗೆ ಆ ಬಲವು ಸುಲಭವಾಗಿ ಬಾರದು. ಹಿಂದೆ ಹಡಗು ಕಟ್ಟುವವರು ಬಾಗಿದ ಓಕ್ ಮರವನ್ನು ಕಾಡಿನಲ್ಲಿ ಹುಡುಕುತ್ತಿದ್ದುದು ಇದೇ ಕಾರಣದಿಂದ. ನಮ್ಮ ಹಳ್ಳಿಯಲ್ಲಿ ಚಪ್ಪರವನ್ನು ಹಾಕುವವನು ಕವೆಯುಳ್ಳ ಗೂಟವನ್ನೇ ಅರಸುವುದೂ ಇದೇ ತಿಳಿವಳಿಕೆಯಿಂದ.

ವಿದ್ಯಾರ್ಥಿಗಳು ಕಾಡಿನಲ್ಲಿ ತಿರುಗಿ, ನಿಂತಿದ್ದ ಬೀಚ್ ಮರಗಳ 204 ಕವಲುಗಳನ್ನು ಛಾಯಾಚಿತ್ರಗಳಿಂದ ಗುರುತುಮಾಡಿಕೊಂಡರು. ಅವುಗಳಲ್ಲಿ 25ನ್ನು ಕಡಿದು ತಂದು, ಒಂದೊಂದರ ಉಬ್ಬುತಗ್ಗುಗಳನ್ನೂ ಅಳೆದು ಗಣಕಯಂತ್ರಕ್ಕೆ ತಿಳಿಸಿದರು. ಕೊನೆಗೆ 20 ಕವಲುಗಳು ಕಟ್ಟಡಕ್ಕೆ ಸಂದವು. ಯಾವ ಕವಲು ಯಾವ ಸ್ಥಾನದಲ್ಲಿ ಕುಳಿತರೆ ಒಳ್ಳೆಯದೆಂಬುದನ್ನು ಗಣಕಯಂತ್ರವು ಅನೇಕಾನೇಕ ಜೋಡಣೆಗಳನ್ನು ತೂಗಿ ಕಂಡುಹಿಡಿಯಿತು. ಆರು ಕೀಲುಗಳಲ್ಲಿ ತಿರುಗುವ ಯಂತ್ರಬಾಹುವು ಕವಲಿನ ತುದಿಗಳಲ್ಲಿ ಸಂಧಿಗಳನ್ನು ಮಾತ್ರ ಕೆತ್ತಿತು; ಉಳಿದೆಡೆ ಮರವು ಕಾಡಿನಲ್ಲಿ ಬೆಳೆದಂತೆಯೇ ಉಳಿಯಿತು. 2016ರ ಫೆಬ್ರವರಿಯಲ್ಲಿ ಸುಮಾರು 25 ಮೀಟರು ಉದ್ದದ ಕಮಾನು ನಿಂತಿತು.

ಈಗ ಕರ್ತೃವನ್ನು ಹುಡುಕಬಹುದು. ಕವಲನ್ನು ರೂಪಿಸಿದ್ದು ಮರ; ಸ್ಥಾನವನ್ನು ತೋರಿಸಿದ್ದು ಗಣಕಯಂತ್ರ; ಕೆತ್ತಿದ್ದು ಯಂತ್ರಬಾಹು. ಹಾಗಾದರೆ ವಿದ್ಯಾರ್ಥಿಯು ಮಾಡಿದ್ದೇನು? ಸೂಕ್ಷ್ಮವಾಗಿ ನೋಡಿದರೆ ಬೇರಾರೂ ಮಾಡಲಾರದ ಎರಡನ್ನು ಅವನು ಮಾಡಿದನು. ಸೌದೆಯೆಂದು ಎಸೆಯುವ ವಸ್ತುವಿನಲ್ಲಿ ಗುಣವಿದೆಯೆಂದು ಕಂಡನು, ಇದು ಮೊದಲನೆಯದು. ಯಂತ್ರವು ಯಾವುದನ್ನು “ಉತ್ತಮ”ವೆಂದು ಎಣಿಸಬೇಕೋ ಆ ಅಳತೆಗೋಲನ್ನು ಕೊಟ್ಟನು, ಇದು ಎರಡನೆಯದು. ಗಣಕಯಂತ್ರವು ತೂಗಬಲ್ಲದು, ತೂಗುವ ಕಲ್ಲನ್ನು ತಾನು ಆರಿಸಿಕೊಳ್ಳಲಿಲ್ಲ. ಮಿತವ್ಯಯವೇ ಉತ್ತಮವೆಂದು ಹೇಳಿದ್ದರೆ ಅದು ಮಿತವ್ಯಯವನ್ನೇ ಹುಡುಕುತ್ತಿತ್ತು. ನೋಡುವವರ ಕಣ್ಣು ಕುಕ್ಕುವುದೇ ಉತ್ತಮವೆಂದಿದ್ದರೆ ಅದನ್ನೂ ಅಷ್ಟೇ ಶ್ರದ್ಧೆಯಿಂದ ಹುಡುಕುತ್ತಿತ್ತು. ಅದಕ್ಕೆ ಲಜ್ಜೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಸ್ವಾತಂತ್ರ್ಯವೆಂದರೆ ಕೈಯ ಚಲನೆಯಲ್ಲ, ಪುರುಷಾರ್ಥದ ನಿಶ್ಚಯ. ಆ ನಿಶ್ಚಯವು ಯಾರದೋ ಹೊಣೆಯೂ ಅವರದೇ. ಕಮಾನು ಕುಸಿದಿದ್ದರೆ ಉತ್ತರ ಹೇಳಬೇಕಾದವರು ಅದನ್ನು ನಿಶ್ಚಯಿಸಿದವರೇ ಹೊರತು ಯಂತ್ರಬಾಹುವಲ್ಲ.

ಆದರೆ ಈ ಸಿದ್ಧಾಂತದಿಂದ ಪೂರ್ವಪಕ್ಷವು ಪೂರ್ತಿಯಾಗಿ ಬಿದ್ದುಹೋಗುವುದಿಲ್ಲ. ಅದರಲ್ಲಿ ಉಳಿಸಿಕೊಳ್ಳಬೇಕಾದ ಸತ್ಯವೂ ಇದೆ. ಕಾಡನ್ನೇ ತುಳಿಯದವನಿಗೆ ಕವಲಿನ ಗುಣವು ಹೇಗೆ ಕಂಡೀತು? ಅಳತೆಗೋಲನ್ನು ಕೊಡಬೇಕಾದವನಿಗೆ ವಸ್ತುವಿನ ಪರಿಚಯವೇ ಇಲ್ಲದಿದ್ದರೆ ಅವನ ಸ್ವಾತಂತ್ರ್ಯವು ಕುರುಡನ ಕೈಗೆ ಕೊಟ್ಟ ಕನ್ನಡಿಯಂತಾಗುವುದು. ಆಗ ಅವನು ಹೆಸರಿಗೆ ಕರ್ತೃ, ನಿಜದಲ್ಲಿ ಯಂತ್ರವು ತೋರಿಸಿದುದಕ್ಕೆ ತಲೆದೂಗುವ ಸಾಕ್ಷಿ ಮಾತ್ರ. ಆದ್ದರಿಂದ ಯಂತ್ರವು ಕೈಯ ಕೆಲಸವನ್ನು ತೆಗೆದುಕೊಂಡಷ್ಟೂ, ಕೈಯ ಪರಿಚಯವನ್ನು ಬೇರೆ ದಾರಿಯಿಂದ ವಿದ್ಯಾರ್ಥಿಗೆ ಒದಗಿಸುವುದು ಗುರುವಿನ ಧರ್ಮವಾಗುತ್ತದೆ. ಅವನು ಮರವನ್ನು ಮುಟ್ಟಬೇಕು, ಹೊರಬೇಕು, ಒಂದೆರಡನ್ನಾದರೂ ಸೀಳಿ ಕೆಡಿಸಬೇಕು. ಆ ಮೇಲೆ ಅವನು ಬರೆಯುವ ಅಂಕಿಯಲ್ಲಿ ಮರವಿರುತ್ತದೆ.

ವಿದ್ಯಾರ್ಥಿಯ ಇಂತಹ ಕೃತಿಯನ್ನು ಪರೀಕ್ಷಿಸುವವರು ಅದರ ವೈಚಿತ್ರ್ಯಕ್ಕೆ ಮರುಳಾಗಬಾರದು. ಎಂತಹ ಆಕಾರವನ್ನಾದರೂ ಕೆತ್ತಬಲ್ಲ ಯಂತ್ರವು ದೊರೆತ ಮೇಲೆ ವೈಚಿತ್ರ್ಯಕ್ಕೆ ಬೆಲೆಯಿಲ್ಲ. ಇದು ಹೀಗೇಕೆ ಇದೆ, ಬೇರೆ ಹೇಗೆ ಇರಬಹುದಾಗಿತ್ತು, ಇದರಲ್ಲಿ ಎಲ್ಲಿ ತಪ್ಪಿದೆ ಎಂದು ಕೇಳಬೇಕು. “ಗಣಕಯಂತ್ರವು ಹೀಗೆ ಕೊಟ್ಟಿತು” ಎಂಬ ಉತ್ತರವು ಬಂದರೆ ಕೃತಿಯು ಎಷ್ಟು ಸುಂದರವಾಗಿದ್ದರೂ ವಿದ್ಯೆಯು ಬರಲಿಲ್ಲವೆಂದು ತಿಳಿಯಬೇಕು. ತಪ್ಪನ್ನು ತನ್ನದೆಂದು ಒಪ್ಪಿ, ಅದರ ಕಾರಣವನ್ನು ಹೇಳುವವನು ಕೈಯಲ್ಲಿ ಉಳಿಯನ್ನು ಹಿಡಿಯದಿದ್ದರೂ ಶಿಲ್ಪಿಯೇ ಸರಿ. ಬಲವು ಹೆಚ್ಚಿದಲ್ಲಿ ಸಂಯಮವೂ ಹೆಚ್ಚಬೇಕೆಂಬುದು ರಾಜಧರ್ಮಕ್ಕೆ ಮಾತ್ರ ಸಂದ ಮಾತಲ್ಲ. ಏನನ್ನು ಬೇಕಾದರೂ ಕೆತ್ತಬಲ್ಲ ಯಂತ್ರವು ಹುಕ್ ಪಾರ್ಕಿನ ಕಾಡಿನಲ್ಲಿ ಸಂಧಿಯಷ್ಟನ್ನೇ ಕೆತ್ತಿ, ಉಳಿದುದನ್ನು ಮರಕ್ಕೆ ಬಿಟ್ಟಿತು. ಬಿಟ್ಟಿತೆನ್ನುವುದು ಮಾತಿನ ಸಲುಗೆ, ಬಿಡಿಸಿದವರು ವಿದ್ಯಾರ್ಥಿಗಳು.

ಉರಿಯುವುದಕ್ಕೆಂದು ಕೂಡಿಟ್ಟ ಮರದ ಚೂರುಗಳ ಮೇಲೆ ಆ ಕೊಟ್ಟಿಗೆಯ ಮಾಡು ನಿಂತಿತು. ಅದನ್ನು ಹೊತ್ತ ಇಪ್ಪತ್ತು ಕವಲುಗಳೂ ಅದೇ ರಾಶಿಯಲ್ಲಿ ಸೇರಿ ಬೂದಿಯಾಗಬೇಕಾಗಿದ್ದವು. ರಾಶಿಗೂ ಮಾಡಿಗೂ ನಡುವಣ ಅಂತರವು ಯಂತ್ರದಿಂದ ಹುಟ್ಟಿದುದಲ್ಲ. ಕಡಿಯುವುದಕ್ಕೆ ಮೊದಲು ಯಾರೋ ಒಬ್ಬರು ಮರದ ಕೆಳಗೆ ನಿಂತು ತಲೆಯೆತ್ತಿ ನೋಡಿದುದರಿಂದ ಹುಟ್ಟಿದುದು.