ಇನ್ನೊಬ್ಬರ ಪರವಾಗಿ ಒಂದು ರುಜು

ನಮ್ಮ ಸೋದರಮಾವನವರಿಗೆ ಲಕ್ವ ಹೊಡೆದ ರಾತ್ರಿ ಆಸ್ಪತ್ರೆಯಲ್ಲಿ ಜೊತೆಗಿದ್ದವನು ನಾನೊಬ್ಬನೇ. ಅವರಿಗೆ ಮಕ್ಕಳಿಲ್ಲ, ಅತ್ತೆ ತೀರಿಕೊಂಡು ವರ್ಷಗಳಾಗಿವೆ. ವೈದ್ಯರು ಕಾಗದವೊಂದನ್ನು ಮುಂದಿಟ್ಟು, "ಮಿದುಳಿನ ಕೋಶಗಳನ್ನು ಉಳಿಸಬಹುದೆಂಬ ಹೊಸ ಔಷಧ ಪರೀಕ್ಷೆಯಲ್ಲಿದೆ. ಕೆಲವರಿಗೆ ಔಷಧ, ಕೆಲವರಿಗೆ ಬರಿಯ ಉಪ್ಪುನೀರು. ಯಾರಿಗೆ ಯಾವುದೆಂದು ನಮಗೂ ತಿಳಿಯದು. ಮಾಮೂಲು ಚಿಕಿತ್ಸೆ ಹೇಗೂ ನಡೆಯುತ್ತದೆ. ಒಪ್ಪಿಗೆಯಿದ್ದರೆ ರುಜು ಮಾಡಿ" ಎಂದರು.

ಲೇಖನಿ ನನ್ನದು, ಮಿದುಳು ಅವರದು. ಈ ಅಧಿಕಾರ ನನಗೆಲ್ಲಿಂದ ಬಂತು?

ವಿಚಾರಮಾಡಲು ವ್ಯವಧಾನವೆಲ್ಲಿ? ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಅಳಿಯುತ್ತವೆಂದು ಬಲ್ಲವರ ಲೆಕ್ಕ. ಸಾಯುವ ಕೋಶ ಹೊರಚೆಲ್ಲುವ ಗ್ಲುಟಮೇಟ್ ನೆರೆಯ ಕೋಶಕ್ಕೂ ವಿಷವಾಗುತ್ತದೆ. ಈ ಸರಪಣಿಯನ್ನು ಎಲ್ಲಾದರೊಂದು ಕಡೆ ತುಂಡರಿಸಬೇಕೆಂಬುದು ಇಂಥ ಔಷಧಗಳ ಹಂಬಲ. ಇಲಿಗಳಲ್ಲಿ ಗೆದ್ದ ಎಷ್ಟೋ ಔಷಧಗಳು ಮನುಷ್ಯನಲ್ಲಿ ಸೋತಿವೆ. 'ಎನ್‌ಎಕ್ಸ್‌ವೈ-059' ಎಂಬುದರ ಕಥೆಯನ್ನೇ ನೋಡಿ. 2006ರಲ್ಲಿ ಪ್ರಕಟವಾದ, ಸುಮಾರು 1,700 ರೋಗಿಗಳ ಪರೀಕ್ಷೆಯಲ್ಲಿ ಕೊಂಚ ಗುಣ ಕಂಡಿತು. 2007ರಲ್ಲಿ ಪ್ರಕಟವಾದ, ಸುಮಾರು 3,300 ರೋಗಿಗಳ ಪರೀಕ್ಷೆಯಲ್ಲಿ ಅದೂ ಇಲ್ಲವಾಯಿತು.

ಆ ಸೋಲೂ ವ್ಯರ್ಥವಲ್ಲ. ಕೆಲಸಕ್ಕೆ ಬಾರದ ಔಷಧ ಮುಂದಿನವರ ಮೈ ಸೇರುವುದು ತಪ್ಪಿತು. ಆದ್ದರಿಂದ ಪರೀಕ್ಷೆಗೆ ಮೈಯೊಡ್ಡುವುದು ಒಂದು ದಾನವೇ ಸರಿ. ಆದರೆ ಮಾತು ನಿಂತವನ ಪರವಾಗಿ ಬಂಧುಗಳು ರುಜು ಹಾಕಿದಾಗ ಅದು ಯಾರ ದಾನ? 'ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ' ಎಂದಂತಾಗುವುದಿಲ್ಲವೆ? ಬೇಡವೆಂದರೂ ತಪ್ಪಲಿಲ್ಲ, ಆಗಲೂ ಅವರ ಬದಲಿಗೆ ನಿರ್ಧರಿಸಿದವನು ನಾನೇ.

ನಾನು ರುಜು ಹಾಕಿದೆ. ನಿಜ ಹೇಳಬೇಕೆಂದರೆ ಲೋಕಹಿತ ಆಗ ನೆನಪಿಗೇ ಬರಲಿಲ್ಲ. ಮಾವನಿಗೆ ಔಷಧವೇ ಸಿಗಲಿ ಎಂಬ ಆಸೆಯೊಂದೇ ಇತ್ತು.

ತಿಂಗಳುಗಳ ಮೇಲೆ ತೊದಲು ಮಾತು ಮರಳಿತು. ಸಿಕ್ಕಿದ್ದು ಔಷಧವೋ ಉಪ್ಪುನೀರೋ, ಇಂದಿಗೂ ನಮಗೆ ತಿಳಿಯದು. ನಡೆದುದನ್ನೆಲ್ಲ ಒಂದು ಸಂಜೆ ಅವರಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಾನೂ ಹೂಂ ಅಂತಿದ್ದೆ ಕಣೋ. ಆದರೆ ಅದು ನಾನು ಹೇಳಬೇಕಾದ ಮಾತು" ಎಂದರು.

ತೋಟದ ಪಾಲಿನ ವಿಚಾರ ನಾವಿಬ್ಬರೂ ಹತ್ತಾರು ಸಲ ಮಾತನಾಡಿದ್ದೆವು. ಇದನ್ನು ಮಾತ್ರ ಅವರು ಗಟ್ಟಿಯಾಗಿದ್ದಾಗ ನಾನೆಂದೂ ಕೇಳಿರಲಿಲ್ಲ. ಕೇಳಿದ್ದರೆ ಆ ರಾತ್ರಿಯ ರುಜು ನನ್ನದಾಗಿದ್ದರೂ ಒಪ್ಪಿಗೆ ಅವರದಾಗುತ್ತಿತ್ತು.