ಬಣ್ಣ ಕಾಣದ ಕಣ್ಣೂ ಬಣ್ಣದ ಚಾಳೀಸೂ



ಹುಟ್ಟುಗುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲವೆಂದು ಕರ್ತನನ್ನು ಕೇಳಿದ ಸಂಗತಿಯು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಉಂಟು. ಕರ್ತನು ಆ ದೋಷವನ್ನು ಅವನ ಮೇಲೆಯೂ ಹೊರಿಸಲಿಲ್ಲ, ಅವನ ತಂದೆತಾಯಿಗಳ ಮೇಲೆಯೂ ಹೊರಿಸಲಿಲ್ಲ. ಆದರೆ ನಾವು ಇಂದಿಗೂ ಹೊರಿಸುತ್ತೇವೆ. ರೋಣ, ನರಗುಂದಗಳ ಎರೆಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ಹೋದ ಹುಡುಗನು ಕೆಂಪು ಹಣ್ಣನ್ನು ಗಿಡದಲ್ಲೇ ಬಿಟ್ಟು ಹಸುರು ಕಾಯಿ ಹರಿದು ತಂದರೆ ಸೋಮಾರಿಯೆಂದು ಬೈಯುತ್ತೇವೆ. ಗಜೇಂದ್ರಗಡದ ಮಗ್ಗದ ಮನೆಯಲ್ಲಿ ಸೀರೆಯ ಅಂಚಿಗೆ ಬೇರೆ ಬಣ್ಣದ ನೂಲು ತಂದುಕೊಟ್ಟರೆ ಹೊಡೆಯುತ್ತೇವೆ. ಅವನು ಸೋಮಾರಿಯಲ್ಲ. ಅವನ ಕಣ್ಣಿಗೆ ಕೆಂಪೂ ಹಸುರೂ ಹೆಚ್ಚುಕಡಿಮೆ ಒಂದೇ. ಇದಕ್ಕೆ ವರ್ಣಾಂಧತೆಯೆಂದು ಹೆಸರು.

ಕಣ್ಣಿನ ಒಳಪರದೆಯಲ್ಲಿ ಬಣ್ಣವನ್ನು ತಿಳಿಯುವ ಸೂಕ್ಷ್ಮ ಕಣಗಳು ಮೂರು ವಿಧ. ಅವುಗಳಲ್ಲೊಂದು ಇಲ್ಲದೆ ಹೋದರೆ, ಅಥವಾ ನೆರೆಯದರಂತೆಯೇ ನಡೆದರೆ, ಬಣ್ಣಗಳ ಭೇದವು ಅಳಿಯುತ್ತದೆ. ಈ ಗುಣವು ಸಾಮಾನ್ಯವಾಗಿ ತಾಯಿಯಿಂದ ಮಗನಿಗೆ ಇಳಿಯುತ್ತದೆ. ತಾಯಿಗಾದರೋ ಬಹುಮಟ್ಟಿಗೆ ಎಲ್ಲಾ ಬಣ್ಣಗಳೂ ಕಾಣುತ್ತವೆ. ತಾನರಿಯದೆ ಕೊಟ್ಟದ್ದಕ್ಕಾಗಿ ಆಕೆಯನ್ನು ದೂರುವದು ನ್ಯಾಯವೋ?

ಇಂಗ್ಲೆಂಡಿನ ಜಾನ್ ಡಾಲ್ಟನ್ ಎಂಬ ಪಂಡಿತನಿಗೂ ಈ ನ್ಯೂನತೆಯಿತ್ತು. 1794ರಲ್ಲಿ ಅವನು ಅದನ್ನು ಪಂಡಿತರ ಸಭೆಯ ಮುಂದೆ ನಾಚದೆ ತಿಳಿಸಿದನು. ತನ್ನ ಕಣ್ಣೊಳಗಿನ ದ್ರವವು ನೀಲಿಯಾಗಿರಬೇಕೆಂದು ಎಣಿಸಿದ್ದನು. 1844ರಲ್ಲಿ ಅವನು ತೀರಿದ ಮೇಲೆ ಪರೀಕ್ಷಿಸಲಾಗಿ ಅದು ತಿಳಿಯಾಗಿಯೇ ಇತ್ತು. ದೋಷವು ಒಳಪರದೆಯಲ್ಲಿತ್ತು.

ಆದಕಾರಣ ಈಗ ಮಾರುವ ಬಣ್ಣದ ಚಾಳೀಸುಗಳ ವಿಷಯದಲ್ಲಿ ವಿವೇಕವು ಬೇಕು. ಅವು ಜರಡಿಯಂತೆ. ಕೆಂಪು ಹಸುರುಗಳ ನಡುವೆ ಬೆರೆಯುವ ಬೆಳಕನ್ನು ಸ್ವಲ್ಪ ತಡೆದು ಎರಡನ್ನೂ ಬೇರ್ಪಡಿಸಲು ನೋಡುತ್ತವೆ. ಆದರೆ ಜರಡಿಯು ಕಾಳನ್ನು ಹುಟ್ಟಿಸಲಾರದು. ಚಾಳೀಸು ಇಲ್ಲದ ಕಣವನ್ನು ಕೊಡಲಾರದು. ದೋಷವು ಸೌಮ್ಯವಾಗಿರುವ ಕೆಲವರಿಗೆ ಭೇದವು ಚೆನ್ನಾಗಿ ತೋರಬಹುದು; ಒಂದು ವಿಧದ ಕಣವೇ ಇಲ್ಲದವರಿಗೆ ಉಪಯೋಗ ಅಲ್ಪ. ಮೊದಲು ಕಾಣುತ್ತಿದ್ದ ಬೇರೆ ಬಣ್ಣಗಳು ಕಲಸಿಹೋಗುವದೂ ಉಂಟು. ಬೆಳಕನ್ನು ತಗ್ಗಿಸುವದರಿಂದ ಇರುಳಿನಲ್ಲಿ ವಾಹನ ನಡಿಸುವವರಿಗೆ ಅಪಾಯ. ಹೀಗಿರಲಾಗಿ ಸಾಲಮಾಡಿ ಕೊಳ್ಳಬೇಡಿರಿ. ಕಣ್ಣಿನ ವೈದ್ಯರಿಗೆ ತೋರಿಸಿ, ಹಾಕಿ ನೋಡಿದ ಮೇಲೆಯೇ ನಿರ್ಣಯಿಸಿರಿ.

ಅಂಥ ಗಾಜನ್ನು ಕಣ್ಣಿನಲ್ಲಿ ಮರೆಮಾಡಿಕೊಂಡು ರೈಲ್ವೆಯ ನೇತ್ರಪರೀಕ್ಷೆಗೆ ಹೋಗುವದು ಮೋಸವು. ಯಾಕಂದರೆ ಕೆಂಪು ದೀಪವನ್ನು ತಪ್ಪಿ ತಿಳಿದರೆ ಅನೇಕರ ಪ್ರಾಣವು ಹೋದೀತು. ಎಲ್ಲಾ ಬಾಗಿಲುಗಳೂ ಮುಚ್ಚಿಲ್ಲ: ಈ ದೋಷವು ಅಲ್ಪವಾಗಿ ಅಥವಾ ಮಧ್ಯಮವಾಗಿ ಇರುವವರಿಗೂ ವಾಹನ ನಡಿಸುವ ಪರವಾನಗಿ ಸಿಗುವಂತೆ 2020ರಲ್ಲಿ ನಮ್ಮ ದೇಶದ ನಿಯಮವು ತಿದ್ದಲ್ಪಟ್ಟಿತು.

ಬೆಲೆಯಿಲ್ಲದ ಚಾಳೀಸೊಂದು ನಮ್ಮೆಲ್ಲರ ಬಳಿಯಲ್ಲಿದೆ. ಅದು ನೆರೆಯವನ ಕಣ್ಣು. ನೂಲಿನ ಕಂಡಿಕೆಗಳಿಗೆ ಬಣ್ಣದ ಹೆಸರು ಬರೆದ ಚೀಟಿ ಅಂಟಿಸಿರಿ. ಕಾಯಿ ಆರಿಸುವಾಗ ತಂಗಿಯು ಅಣ್ಣನ ಜೊತೆಗಿರಲಿ. ರಸ್ತೆಯ ದೀಪಗಳಲ್ಲಿ ಮೇಲಿನದು ಕೆಂಪೆಂದು ಕಲಿಸಿರಿ. ಒಬ್ಬರ ಭಾರವನ್ನು ಒಬ್ಬರು ಹೊರುವ ಮನೆಯಲ್ಲಿ ಬಣ್ಣ ಕಾಣದವನು ಕುರುಡನೆನಿಸಿಕೊಳ್ಳನು. ಅವನ ಕಷ್ಟವನ್ನು ಕಾಣದ ನಮ್ಮ ಕಣ್ಣುಗಳನ್ನು ದೇವರು ತೆರೆಯಲಿ.